ಗೇಟಿನಾಚೆಯ ಐನೂರು ಹೆಜ್ಜೆ

ಮೈಸೂರನ್ನು ‘ಪಿಂಚಣಿದಾರರ ಸ್ವರ್ಗ’ ಎಂದು ಕರೆಯುವ ರೂಢಿ ಬಹಳ ಹಿಂದಿನದು. ಹಿತವಾದ ಹವೆ, ಸಾಲುಮರಗಳ ನೆರಳು, ಅವಸರವಿಲ್ಲದ ಜೀವನ ಇವೆಲ್ಲ ಸೇರಿ ಊರಿಗೆ ಈ ಹೆಸರನ್ನು ತಂದುಕೊಟ್ಟಿವೆ. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮಾತನಾಡುತ್ತ ಸಾಗುವ ಹಿರಿಯರನ್ನು ಕಂಡವರಿಗೆ ಈ ಮಾತು ನಿಜವೆಂದೇ ತೋರೀತು. ಆದರೆ ಅಲ್ಲಿ ಕಾಣಸಿಗುವವರು ಕೆರೆಯವರೆಗೆ ತಲಪಬಲ್ಲವರು ಮಾತ್ರ. ನಮ್ಮ ಜಯಲಕ್ಷ್ಮಿಪುರಂನಂತಹ ಹಳೆಯ ಬಡಾವಣೆಗಳಲ್ಲಿ ಮನೆಯ ಗೇಟಿನ ಒಳಗೇ ನಿಂತುಬಿಟ್ಟಿರುವ ಹಿರಿಯರನ್ನು ಎಣಿಸಿದವರು ಯಾರು?

ವೃದ್ಧರ ವಿಷಯ ಬಂದೊಡನೆ ನಮ್ಮ ಚರ್ಚೆ ವೃದ್ಧಾಶ್ರಮ, ಆಸ್ಪತ್ರೆ, ಪಿಂಚಣಿಗಳತ್ತ ಹೊರಳುತ್ತದೆ. ಅವು ಅಗತ್ಯವೇ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಅಂಗೀಕಾರವಾದ ಕಾಯಿದೆಯು ಪೋಷಣೆ ಎಂಬುದರಲ್ಲಿ ಆಹಾರ, ಉಡುಪು, ವಸತಿ, ವೈದ್ಯೋಪಚಾರಗಳನ್ನು ಸೇರಿಸಿದೆ. ಇವೆಲ್ಲವನ್ನೂ ಮನೆಯ ಬಾಗಿಲಿಗೇ ತಂದುಕೊಡಬಹುದು. ತಂದುಕೊಡಲಾಗದ ಒಂದು ವಸ್ತುವಿದೆ. ಅದು ತಾನೇ ಎದ್ದು ಹೊರಗೆ ಹೋಗಿಬರುವ ಸ್ವಾತಂತ್ರ್ಯ. ಒಂದು ಊರು ಹಿರಿಯರಿಗೆ ಹಿತವಾಗಿದೆಯೇ ಎಂಬುದನ್ನು ಗೇಟಿನಾಚೆಯ ಐನೂರು ಹೆಜ್ಜೆಗಳಲ್ಲಿ ಅಳೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಾಲಿನ ಅಂಗಡಿ, ಔಷಧದ ಅಂಗಡಿ, ದೇವಸ್ಥಾನ, ಬಸ್ ನಿಲ್ದಾಣ, ಹಳೆಯ ಗೆಳೆಯನ ಮನೆ ಎಲ್ಲವೂ ಸಾಮಾನ್ಯವಾಗಿ ಆ ಪರಿಧಿಯೊಳಗೇ ಇರುತ್ತವೆ.

ನನ್ನ ಸಹೋದ್ಯೋಗಿಯಾಗಿದ್ದು ಮೂರು ದಶಕಗಳ ಕಾಲ ಭೂಗೋಳ ಬೋಧಿಸಿದ ಮಿತ್ರರೊಬ್ಬರು ಕೆಲವು ವರ್ಷಗಳ ಹಿಂದೆ ಅಲುಗಾಡುವ ಚಪ್ಪಡಿಕಲ್ಲನ್ನು ಮೆಟ್ಟಿ ಬಿದ್ದರು. ಮಣಿಕಟ್ಟಿನ ಮೂಳೆ ಆರು ವಾರಗಳಲ್ಲಿ ಕೂಡಿಕೊಂಡಿತು. ಮನಸ್ಸಿನ ಧೈರ್ಯ ಕೂಡಿಕೊಳ್ಳಲಿಲ್ಲ. ವಿದೇಶದಲ್ಲಿರುವ ಮಗ ಯಾವ ಕೊರತೆಯೂ ಆಗದಂತೆ ನೋಡಿಕೊಂಡನು. ತರಕಾರಿ, ಔಷಧ, ದಿನಸಿ ಎಲ್ಲವೂ ಫೋನಿನ ಒಂದು ಒತ್ತಿಗೆ ಬಾಗಿಲಿಗೆ ಬರತೊಡಗಿದವು. ಆದರೆ ಮೊದಲು ತರಕಾರಿಯವಳು “ಯಾಕ್ ಮೇಷ್ಟ್ರೇ, ಎರಡು ದಿನದಿಂದ ಕಾಣಲಿಲ್ಲ?” ಎಂದು ಕೇಳುತ್ತಿದ್ದಳು. ಈಗ ಹಾಗೆ ಕೇಳುವವರು ಯಾರೂ ಉಳಿಯಲಿಲ್ಲ. ಜಂಗಮನಾಗಿದ್ದ ಮನುಷ್ಯ ಹೀಗೆ ಒಂದೇ ಮಳೆಗಾಲದಲ್ಲಿ ಸ್ಥಾವರನಾದುದನ್ನು ನಾನು ಕಣ್ಣಾರೆ ಕಂಡೆ. ಮಗನ ಪ್ರೀತಿಯಲ್ಲಿ ಲೋಪವಿರಲಿಲ್ಲ; ಬೀದಿಯಲ್ಲಿತ್ತು.

ಬೀದಿಯನ್ನು ತಿದ್ದುವುದು ಈ ಊರಿಗೆ ಹೊಸ ವಿದ್ಯೆಯೇನೂ ಅಲ್ಲ. ಪ್ಲೇಗ್ ಮಹಾಮಾರಿ ತಂದ ಸಂಕಟದ ಬೆನ್ನಲ್ಲೇ, 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಇಕ್ಕಟ್ಟಾದ ಓಣಿಗಳ ಜಾಗದಲ್ಲಿ ಗಾಳಿ ಬೆಳಕುಗಳಿಗೆ ಅವಕಾಶವಿರುವ ಅಗಲವಾದ ರಸ್ತೆಗಳೂ ಹೊಸ ಬಡಾವಣೆಗಳೂ ಬಂದವು. ಜನರ ಆರೋಗ್ಯಕ್ಕಾಗಿ ತನ್ನ ರೂಪವನ್ನೇ ಬದಲಿಸಿಕೊಂಡ ಊರಿದು. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂಬ ಮನ್ನಣೆಯನ್ನೂ ಪಡೆಯಿತು. ಹಾಗಿರುವಾಗ ಕಾಲುದಾರಿಯನ್ನು ಸರಿಪಡಿಸುವುದು ನಮ್ಮ ಶಕ್ತಿಗೆ ಮೀರಿದ ಕಾರ್ಯವೆಂದು ಹೇಳಲು ನಾಲಗೆ ಏಳದು.

ಕಾಲುದಾರಿ ಕೆಟ್ಟಿರುವುದಕ್ಕೆ ನಗರಾಡಳಿತವನ್ನಷ್ಟೇ ದೂರುವುದೂ ನ್ಯಾಯವಲ್ಲ. ಬಡಾವಣೆಯ ಅಡ್ಡರಸ್ತೆಗಳಲ್ಲಿ ಒಮ್ಮೆ ನಿಧಾನವಾಗಿ ನಡೆದು ನೋಡಿರಿ. ಒಂದು ಮನೆಯ ಮುಂದೆ ಕಾರು ಏರಲು ಕಟ್ಟಿದ ಇಳಿಜಾರು; ಮುಂದಿನ ಮನೆಯವರು ಕಾಲುದಾರಿಗೇ ಬೇಲಿ ಹಾಕಿ ಬೆಳೆಸಿದ ಹೂದೋಟ; ಅದರಾಚೆ ನಿಲ್ಲಿಸಿದ ದ್ವಿಚಕ್ರ ವಾಹನ. ನಡೆಯುವವನು ಹತ್ತು ಮನೆ ದಾಟುವಷ್ಟರಲ್ಲಿ ಹತ್ತು ಸಲ ರಸ್ತೆಗೆ ಇಳಿದು ಹತ್ತು ಸಲ ಮೇಲೇರಬೇಕು. ಇಪ್ಪತ್ತರ ಹರೆಯದವರಿಗೆ ಇದು ಗಮನಕ್ಕೂ ಬಾರದು. ಮೊಣಕಾಲು ನೋವಿರುವ ಎಪ್ಪತ್ತೈದರವರಿಗೆ ಇದು ಚಾಮುಂಡಿ ಬೆಟ್ಟದ ಮೆಟ್ಟಿಲು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಕಾಲುದಾರಿಯು ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲವಿರಬೇಕು. ಅದರ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಬಾರದು. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ‘ಟೆಂಡರ್ ಶ್ಯೂರ್’ ಯೋಜನೆಯಡಿ ನಿರ್ಮಿಸಿದ ಅಗಲವಾದ ಕಾಲುದಾರಿಗಳನ್ನು ನೋಡಿದವರಿಗೆ, ನಮ್ಮಲ್ಲಿ ಇದು ಆಗದ ಮಾತೆಂದು ಹೇಳಲಾಗದು.

ಇದು ಒಬ್ಬ ನಿವೃತ್ತ ಮೇಷ್ಟರ ಗೊಣಗಾಟವೆಂದು ಭಾವಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯು 33 ನಗರಗಳಲ್ಲಿ ಹಿರಿಯರನ್ನೇ ಕೂರಿಸಿಕೊಂಡು ಅವರ ಮಾತು ಕೇಳಿ, 2007ರಲ್ಲಿ ವೃದ್ಧಸ್ನೇಹಿ ನಗರಗಳ ಕೈಪಿಡಿಯೊಂದನ್ನು ಹೊರತಂದಿತು. ಅವುಗಳಲ್ಲಿ ನಮ್ಮ ದೆಹಲಿ ಮತ್ತು ಉದಯಪುರಗಳೂ ಇದ್ದವು. ಆ ಕೈಪಿಡಿಯ ಎಂಟು ವಿಷಯಗಳಲ್ಲಿ ಮೊದಲನೆಯದೇ ಹೊರಾಂಗಣ ಮತ್ತು ಕಟ್ಟಡಗಳು, ಎರಡನೆಯದು ಸಾರಿಗೆ. ಸಿಂಗಪುರದಲ್ಲಿ 2009ರಿಂದ ಒಂದು ಏರ್ಪಾಡಿದೆ. ಹಿರಿಯರು ತಮ್ಮ ರಿಯಾಯಿತಿ ಚೀಟಿಯನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ರಸ್ತೆ ದಾಟಲು ಕೆಲವು ಸೆಕೆಂಡು ಹೆಚ್ಚು ಸಮಯ ದೊರೆಯುತ್ತದೆ. ಕೆಲವೇ ಸೆಕೆಂಡುಗಳು! ಆದರೆ ಅಷ್ಟು ಸಮಯವನ್ನು ಕೊಡುವ ಊರು “ನೀವೂ ನಮ್ಮವರೇ, ನಿಧಾನವಾಗಿ ಬನ್ನಿ” ಎಂದು ಹೇಳಿದಂತಾಗುತ್ತದೆ.

ಬಸ್ಸಿನ ವಿಷಯವೂ ಹೀಗೆಯೇ. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ನಮ್ಮ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರಕಿತು. ಎಷ್ಟೋ ಅಜ್ಜಿಯರು ಮಗಳ ಮನೆಗೆ, ದೇವಸ್ಥಾನಕ್ಕೆ ಹೋಗಲು ಮಗನ ಮುಂದೆ ಕೈಚಾಚಬೇಕಾಗಿಲ್ಲವೆಂಬುದು ಸಂತೋಷದ ಸಂಗತಿ. ಟಿಕೆಟ್ಟಿನ ಭಾರ ಇಳಿಯಿತು; ಸಾಮಾನ್ಯ ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಇಳಿಯಲಿಲ್ಲ. ನಿಲ್ದಾಣದವರೆಗೆ ನಡೆಯಲಾಗದವಳಿಗೆ, ಮೆಟ್ಟಿಲು ಹತ್ತಲಾಗದವಳಿಗೆ ಉಚಿತ ಟಿಕೆಟ್ಟು ಕೈಗೆಟುಕದ ಮಾವಿನಹಣ್ಣು.

“ವಯಸ್ಸಾದ ಮೇಲೆ ಮನೆಯಲ್ಲಿ ತೆಪ್ಪಗೆ ಕುಳಿತಿರಬಾರದೇ?” ಎನ್ನುವವರಿದ್ದಾರೆ. 2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇಕಡ 9.5ರಷ್ಟಿದ್ದರು. ಇಷ್ಟು ಜನರನ್ನು ಕುಳ್ಳಿರಿಸಿ ಊರು ಮುಂದೆ ನಡೆಯುವುದು ಧರ್ಮವೇ? ಪಾದಚಾರಿ ಮಾರ್ಗವನ್ನು ಬಳಸುವುದು ಸಂವಿಧಾನದ 21ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂದಮೇಲೆ ಇದು ದಯೆಯ ಪ್ರಶ್ನೆಯಾಗಿ ಉಳಿದಿಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ಕಾಲುದಾರಿ ಒಂದೇ ಮಟ್ಟದಲ್ಲಿ ಸಾಗಲಿ. ಕಾರಿಗಾಗಿ ಕಟ್ಟುವ ಇಳಿಜಾರು ಅದನ್ನು ತುಂಡರಿಸದಿರಲಿ. ಇನ್ನೂರು ಹೆಜ್ಜೆಗೊಂದು ಮರದ ನೆರಳಿನಲ್ಲಿ ಬೆನ್ನಿಗೆ ಆಸರೆಯಿರುವ ಕಲ್ಲುಬೆಂಚು ಬರಲಿ. ಅಂಗಡಿಬೀದಿಯ ಬಳಿ ಒಂದು ಶುಚಿಯಾದ ಶೌಚಾಲಯವಿರಲಿ. ಅದಿಲ್ಲವೆಂಬ ಒಂದೇ ಕಾರಣಕ್ಕೆ ಹೊರಗೆ ಬಾರದ ಹಿರಿಯರು, ಅದರಲ್ಲೂ ಹೆಂಗಸರು, ಸಂಕೋಚದಿಂದ ಅದನ್ನು ಯಾರಿಗೂ ಹೇಳರು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ಅಧಿಕಾರಿಗಳಿದ್ದೀರಿ, ಹೊಸ ಮನೆ ಕಟ್ಟಿಸುತ್ತಿರುವವರಿದ್ದೀರಿ. ದೂರದೇಶದಲ್ಲಿದ್ದು ತಂದೆತಾಯಿಗಳಿಗೆ ರಕ್ತದೊತ್ತಡ ಅಳೆಯುವ ಯಂತ್ರ ಕಳುಹಿಸುವವರೂ ಇದ್ದೀರಿ. ಮುಂದಿನ ಸಲ ಊರಿಗೆ ಬಂದಾಗ ಕಾರನ್ನು ಮನೆಯಲ್ಲೇ ಬಿಟ್ಟು, ಅವರ ಜೊತೆ ಗೇಟಿನಿಂದಾಚೆ ಐನೂರು ಹೆಜ್ಜೆ ನಡೆಯಿರಿ. ಅವರ ವೇಗದಲ್ಲಿ ನಡೆಯಿರಿ. ಅವರು ಎಲ್ಲೆಲ್ಲಿ ನಿಂತರು, ಎಲ್ಲಿ ನಿಮ್ಮ ತೋಳನ್ನು ಹಿಡಿದರು, ಎಲ್ಲಿ “ಸಾಕು, ಹಿಂತಿರುಗೋಣ” ಎಂದರು ಎಂಬುದನ್ನು ಬರೆದುಕೊಳ್ಳಿರಿ. ಆ ಚೀಟಿಯನ್ನು ನಿಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೂ ನಗರಾಡಳಿತಕ್ಕೂ ಒಂದೊಂದು ಪ್ರತಿ ಕೊಡಿರಿ. ಈ ಮನೆಗೆಲಸಕ್ಕೆ ನಾನು ಅಂಕ ಕೊಡುವುದಿಲ್ಲ. ಆದರೆ ಯಾರು ಮಾಡಿದಿರಿ ಎಂಬುದನ್ನು ತಪ್ಪದೆ ಕೇಳುತ್ತೇನೆ.