ಆಗಸ್ಟ್ 2ರ ಸಂಜೆ

ಇಳಕಲ್ಲಿನ ಪೂಜ್ಯ ಡಾ. ಮಹಾಂತ ಸ್ವಾಮಿಗಳ ಜನ್ಮದಿನವಾದ ಆಗಸ್ಟ್ 1ನ್ನು ನಾಡು ‘ವ್ಯಸನಮುಕ್ತ ದಿನ’ವೆಂದು ಆಚರಿಸುತ್ತದೆ. ನಮ್ಮ ಮಠಗಳಲ್ಲಿ ಅಂದು ಮೆರವಣಿಗೆ, ಉಪನ್ಯಾಸ, ಪ್ರತಿಜ್ಞೆ ಎಲ್ಲವೂ ನಡೆಯುತ್ತವೆ. ನನ್ನ ಪ್ರಶ್ನೆ ಇಷ್ಟೇ: ಅಂದು ಪ್ರತಿಜ್ಞೆ ಮಾಡಿದವನು ಮರುದಿನ ಸಂಜೆ ಗಂಟಲು ಒಣಗಿದಾಗ ಎಲ್ಲಿಗೆ ಹೋಗಬೇಕು?

ಇದು ಪೂಜ್ಯರ ಕಾರ್ಯದ ಟೀಕೆಯಲ್ಲ. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟಾಗ ಕಾಣಿಕೆ ಬೇಡಲಿಲ್ಲ, ದುಶ್ಚಟಗಳನ್ನು ಬೇಡಿದರು. ಕುಡುಕನನ್ನು ಮಠದ ಮೆಟ್ಟಿಲಿಗೆ ಕರೆಸದೆ ತಾವೇ ಅವನ ಓಣಿಗೆ ನಡೆದರು. ಆ ದೊಡ್ಡತನಕ್ಕೆ ನಾನು ಶರಣು.

ಅದನ್ನು ನೋಡಿ ಬೇರೆ ಕಡೆಯೂ ಜೋಳಿಗೆ ಹಿಡಿದರು. ಅಂಥ ಒಂದು ಜೋಳಿಗೆಗೆ ನನ್ನ ತಮ್ಮನೂ ಎರಡು ಸಲ ತನ್ನ ಕುಡಿತ ಹಾಕಿದ. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ ಎಂದಿದ್ದಾನೆ.) ಮೊದಲ ಸಲ ನಾಲ್ಕು ತಿಂಗಳು ತಡೆದ, ಎರಡನೆಯ ಸಲ ಹನ್ನೊಂದು ದಿನ. ಆಮೇಲೆ, “ಅಣ್ಣಾ, ಮಾತು ತಪ್ಪಿದವ ನಾನು, ಯಾವ ಮುಖ ಹೊತ್ತು ಮಠಕ್ಕೆ ಹೋಗಲಿ?” ಎನ್ನತೊಡಗಿದ. ಶಿವಾನುಭವ ಗೋಷ್ಠಿ ತಪ್ಪಿತು, ನೆಂಟರಿಷ್ಟರ ಮನೆ ತಪ್ಪಿತು, ಬಾಟಲಿ ಉಳಿಯಿತು. ಅವನಿಗೆ ಮನೋಬಲವಿಲ್ಲ ಎಂದು ನಾನೂ ಬೈದೆ. ಮೂವತ್ತು ವರ್ಷ ಸರ್ಕಾರದ ಕಟ್ಟಡಗಳಿಗೆ ಕಾಂಕ್ರೀಟ್ ಹಾಕಿಸಿದ ನನಗೆ ಗೊತ್ತಿರಬೇಕಿತ್ತು. ಸ್ಲ್ಯಾಬು ಮರುದಿನವೇ ಗಟ್ಟಿಯಾಗಿ ಕಾಣುತ್ತದೆ. ದಿನಗಟ್ಟಲೆ ನೀರುಣಿಸದೆ ಬಿಟ್ಟರೆ ಬಿರುಕು ಬಿಡುತ್ತದೆ. ಆಗ ಸಿಮೆಂಟಿಗೆ ಮನೋಬಲವಿಲ್ಲ ಎನ್ನುವ ಇಂಜಿನಿಯರ್ ಉಂಟೇ?

ನಮ್ಮ ಜಯನಗರದಿಂದ ನಿಮ್ಹಾನ್ಸ್ ಹತ್ತು ನಿಮಿಷದ ದಾರಿ. ಆ ದಾರಿ ಸವೆಸಲು ನಮಗೆ ಹತ್ತು ವರ್ಷ ಬೇಕಾಯಿತು. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಪ್ರತಿಜ್ಞೆ ಮಾಡಿಸುವವರೆಲ್ಲ ಒಂದು ವಿಷಯ ತಿಳಿದಿರಬೇಕು: ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ದಿಢೀರನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಅಂಥವನನ್ನು ಪ್ರಸಾದ ಕೊಟ್ಟು ಮನೆಗೆ ಕಳಿಸಿದರೆ ಸಾಲದು, ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಲ್ಲಿಗೆ ಎಂದು ತೋಚದಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ.

ಚಿಕಿತ್ಸೆ ಮುಗಿದಾಗ ಅಲ್ಲಿಯವರು ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಭೆಗೆ ಹೋಗಿ ಎಂದರು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತದಿಂದ ಕೆಟ್ಟುಹೋಗಿದ್ದ ಒಬ್ಬ ಷೇರು ವ್ಯಾಪಾರಿ ಮತ್ತು ಒಬ್ಬ ಶಸ್ತ್ರವೈದ್ಯ ಒಬ್ಬರಿಗೊಬ್ಬರು ಊರುಗೋಲಾದದ್ದರಿಂದ ಹುಟ್ಟಿದ ಕೂಟವದು. ಹುಡುಕಿಕೊಂಡು ಹೋದರೆ ಬೋರ್ಡಿಲ್ಲ. ಸ್ಕೂಟರಿನಲ್ಲಿ ಎರಡು ಸುತ್ತು ಹೊಡೆದ ಮೇಲೆ ಚರ್ಚೊಂದರ ವಾಚ್‌ಮನ್, “ಕುಡಿಯೋರ ಮೀಟಿಂಗಾ ಸಾರ್? ಹಿಂದ್ಗಡೆ ಹೋಗಿ” ಎಂದ. ಇಷ್ಟಲಿಂಗ ಧರಿಸಿದವನು ಚರ್ಚಿಗೆ ಹೋಗುವುದೇ ಎಂದು ನಮ್ಮ ಅಕ್ಕ ಆಮೇಲೆ ಕೇಳಿದಳು. ಕೂಟ ಯಾವ ಧರ್ಮಕ್ಕೂ ಸೇರಿದ್ದಲ್ಲ, ಕೋಣೆಯನ್ನಷ್ಟೇ ಬಾಡಿಗೆಗೆ ಪಡೆದಿತ್ತು. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತಿದೆ, ಆದರೆ ಯಾವ ದೇವರು ಎಂಬುದನ್ನು ಅವರವರ ತಿಳಿವಿಗೇ ಬಿಟ್ಟಿದ್ದಾರೆ. ತಮ್ಮನ ಕೊರಳಿನ ಕರಡಿಗೆಯ ಬಗ್ಗೆ ಯಾರೂ ಕೇಳಲಿಲ್ಲ. ಜಾತಿ, ಹುದ್ದೆಯನ್ನೂ ಕೇಳಲಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದೆಯೇ ಎಂಬುದೊಂದೇ ಅಲ್ಲಿಯ ಪ್ರವೇಶ ಪರೀಕ್ಷೆ.

ಹೊರಗಿನವರಿಗೂ ತೆರೆದ ಸಭೆಯಾದ್ದರಿಂದ ಹಿಂದಿನ ಸಾಲಿನಲ್ಲಿ ನಾನೂ ಕುಳಿತೆ. ಒಬ್ಬೊಬ್ಬರೇ ತಮ್ಮ ಪಾಡು ಹೇಳಿಕೊಂಡರು. ನಡುವೆ ಯಾರೂ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಮಗಳ ಶಾಲೆಯ ಫೀಸು ಕುಡಿದ ಆಟೋ ಚಾಲಕರ ಮಾತು ಕೇಳುತ್ತ ನನ್ನ ತಮ್ಮ ಅತ್ತ. ನಾನು ಬೈದಾಗ ಒಮ್ಮೆಯೂ ಅತ್ತವನಲ್ಲ. ಕೊನೆಗೆ ಚೀಲವೊಂದು ಬಂತು. ನಾನು ಐದುನೂರು ಹಾಕಿದೆ. ಖಜಾಂಚಿ ಅದನ್ನು ಮಡಿಸಿ ಹಿಂದಿರುಗಿಸಿ, “ಇದು ನಮ್ಮ ಖರ್ಚು ಸಾರ್, ನಾವೇ ಹಾಕ್ಕೋಬೇಕು” ಎಂದರು. ದಾನಕ್ಕೆ ಕಲ್ಲು ನೆಡಿಸಿ ಅಭ್ಯಾಸವಾದ ನಮಗೆ ಇದು ಹೊಸದು.

ಎಂಟನೇ ತಿಂಗಳಲ್ಲಿ ತಮ್ಮ ಮತ್ತೆ ಕುಡಿದ. ಮರುದಿನ ಸಂಜೆ ಅವನೇ ಎದ್ದು ಸಭೆಗೆ ಹೋದ. “ಬಂದ್ರಲ್ಲ, ಕೂತ್ಕೊಳ್ಳಿ, ಟೀ ತಗೊಳ್ಳಿ” ಎಂದರಂತೆ, ಅಷ್ಟೇ. ಮಾತು ತಪ್ಪಿದವನು ಮರಳಿ ಬರಲು ಒಂದು ಬಾಗಿಲು ಅಲ್ಲಿತ್ತು, ನಮ್ಮಲ್ಲಿ ಇರಲಿಲ್ಲ. ಈಗ ಎರಡು ವರ್ಷ ದಾಟಿದೆ. ಕೇಳಿದರೆ, “ಇವತ್ತು ಕುಡಿದಿಲ್ಲ ಅಣ್ಣಾ” ಎನ್ನುತ್ತಾನೆ. ಅವನ ಹೆಂಡತಿ ಮನೆಯವರಿಗಾಗಿಯೇ ಇರುವ ಅಲ್-ಅನಾನ್ ಕೂಟಕ್ಕೆ ಹೋಗುತ್ತಾಳೆ. ಅದು ಇನ್ನೊಂದು ಲೇಖನದ ಮಾತು.

ಶರಣ ಬಂಧುಗಳಲ್ಲಿ ನನ್ನ ವಿನಂತಿ ಸಣ್ಣದು. ಬನಶಂಕರಿಯಿಂದ ಬಿಟಿಎಂ ಬಡಾವಣೆಯವರೆಗೆ ನಮ್ಮವರ ಎಷ್ಟೋ ಸಭಾಭವನಗಳು ವಾರದಲ್ಲಿ ಬಹಳ ದಿನ ಬೀಗ ಹಾಕಿಕೊಂಡಿರುತ್ತವೆ. ಅಲ್ಲೊಂದು ಕೋಣೆಯನ್ನು ವಾರಕ್ಕೊಂದು ಸಂಜೆ ಇಂಥ ಕೂಟಕ್ಕೆ ಕೊಡೋಣ. ಅವರು ಕೊಡುವ ಬಾಡಿಗೆಯನ್ನು ಬೇಡವೆನ್ನದೆ ತೆಗೆದುಕೊಳ್ಳೋಣ, ಅದು ಅವರ ನೇಮ. ಬ್ಯಾನರ್ ಬೇಡ, ಫೋಟೋ ಬೇಡ. ಕುಡಿತ ಬಿಟ್ಟವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದಂತೂ ಬೇಡವೇ ಬೇಡ.

ನಮ್ಮ ಬಡಾವಣೆಯ ಭವನದ ಸಮಿತಿಯಲ್ಲಿ ಎರಡು ಸಲ ಕೇಳಿದ್ದೇನೆ. “ಕುಡುಕರು ಬಂದು ಹೋದರೆ ಅಕ್ಕಪಕ್ಕದವರು ಏನಂದಾರು?” ಎಂದರು. ಬರುವವರು ಅಕ್ಕಪಕ್ಕದವರೇ ಎಂದೆ. ಮುಂದಿನ ಸಭೆಯಲ್ಲಿ ಮೂರನೆಯ ಸಲ ಕೇಳುವವನಿದ್ದೇನೆ. ಕೆಳಗಿನ ಕೋಣೆ ಗುರುವಾರ ಖಾಲಿ ಇರುತ್ತದೆ.