ಶಾಲೆಯ ಆಯ್ಕೆ ಮತ್ತು ಮಕ್ಕಳ ನಡುವಿನ ನ್ಯಾಯ

2009ರ ಶಿಕ್ಷಣ ಹಕ್ಕು ಕಾಯ್ದೆಯು ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಆದರೆ ಕರ್ನಾಟಕದಲ್ಲಿ 2019ರಿಂದ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲ. ರೋಣ ತಾಲೂಕಿನ ಬೆಳವಣಕಿಯಂತಹ ಊರುಗಳಲ್ಲಿ ಈಗ ಆಯ್ಕೆಯೆಂದರೆ ಶುಲ್ಕ ಕಟ್ಟುವ ಶಕ್ತಿ ಎಂದೇ ಅರ್ಥ. ಆ ಶಕ್ತಿ ಒಂದು ಮಗುವಿಗಷ್ಟೇ ಸಾಲುವ ಕೆಲವು ಮನೆಗಳಲ್ಲಿ ಮಗನಿಗೆ ಇಂಗ್ಲಿಷ್ ಮಾಧ್ಯಮ, ಮಗಳಿಗೆ ಸರಕಾರಿ ಶಾಲೆ.

ನುಅಮಾನ್ ಬಿನ್ ಬಶೀರ್(ರ)ರಿಗೆ ಮಾತ್ರ ತಂದೆ ಕೊಡುಗೆ ನೀಡಿದಾಗ ಪ್ರವಾದಿವರ್ಯರು(ಸ) ಅದಕ್ಕೆ ಸಾಕ್ಷಿಯಾಗಲು ಒಪ್ಪದೆ, ಮಕ್ಕಳ ನಡುವೆ ನ್ಯಾಯ ಪಾಲಿಸಲು ಆದೇಶಿಸಿದರು. ಶಿಕ್ಷಣಕ್ಕಿಂತ ದೊಡ್ಡ ಕೊಡುಗೆ ಯಾವುದಿದೆ?

ಶಕ್ತರು ತೊರೆದ ಶಾಲೆಯಲ್ಲಿ ಪ್ರಶ್ನಿಸುವವರೂ ಉಳಿಯುವುದಿಲ್ಲ. ಆದ್ದರಿಂದ ನಾವು ಎಸ್‌ಡಿಎಂಸಿ ಸಭೆಗಳಿಗೆ ಹೋಗೋಣ, ಶಿಕ್ಷಕರಿಲ್ಲದಿದ್ದರೆ ಕೇಳೋಣ. ಊರಿನ ಶಾಲೆ ಉತ್ತಮಗೊಂಡರೆ ನಮ್ಮ ಮಗಳಿಗೂ ನೆರೆಯ ಬಡವನ ಮಗುವಿಗೂ ನ್ಯಾಯ ದೊರೆಯುವುದು.