ಬೀರು, ಬಂದೂಕು ಮತ್ತು ನಮ್ಮ ತರಗತಿ

ಒಂಬತ್ತನೇ ತರಗತಿಗೆ ಸಂವೇಗ ಸಂರಕ್ಷಣೆಯ ಪಾಠ ಮಾಡಿದವರಿಗೆ ಈ ಲೆಕ್ಕ ಪರಿಚಿತ. 2 ಕಿಲೋಗ್ರಾಂ ಪಿಸ್ತೂಲಿನಿಂದ 20 ಗ್ರಾಂ ಗುಂಡು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹಾರಿದರೆ, ಪಿಸ್ತೂಲು ಹಿಂದಕ್ಕೆ ಒದೆಯುವ ವೇಗವೆಷ್ಟು? ಉತ್ತರ, ಸೆಕೆಂಡಿಗೆ 1.5 ಮೀಟರ್. ಇಲ್ಲಿ ಪಿಸ್ತೂಲಿಗೆ ರಾಶಿಯಿದೆ, ವೇಗವಿದೆ. ಅದನ್ನು ಮಾಡಿದವರೂ ಇಲ್ಲ, ಕೊಂಡವರೂ ಇಲ್ಲ. "ಮಿಸ್, ಬಂದೂಕು ಮಾಡೋ ಕಂಪನಿಯ ಬೇರೆ ಸಾಮಾನನ್ನ ನಾವು ತಗೋಬಹುದಾ?" ಎಂದು ಮಗುವೊಂದು ಕೇಳಿದರೆ "ಅದು ಸಿಲಬಸ್‌ನಲ್ಲಿಲ್ಲ" ಎನ್ನುವುದು ಸುಲಭ. ಬಹಿಷ್ಕರಿಸಬೇಕಾದ ಬ್ರ್ಯಾಂಡುಗಳ ಪಟ್ಟಿ ಕೊಡುವುದೂ ಅಷ್ಟೇ ಸುಲಭ. ಎರಡೂ ಬೋಧನೆಯಲ್ಲ ಎಂಬುದು ನನ್ನ ವಾದ.

ಮೊದಲು ನಂಟನ್ನು ಹುಡುಕಬೇಕು. ನಮ್ಮ ಮನೆಗಳಲ್ಲಿರುವ ಗೋದ್ರೆಜ್ ಬೀರು ತಯಾರಿಸುವ ಗೋದ್ರೆಜ್ ಅಂಡ್ ಬಾಯ್ಸ್ ಕಂಪನಿಯೇ ಬ್ರಹ್ಮೋಸ್ ಕ್ಷಿಪಣಿಯ ಹೊರಕವಚದ ಭಾಗಗಳನ್ನೂ ತಯಾರಿಸುತ್ತದೆ. ಆದರೆ ಗೋದ್ರೆಜ್ ಸೋಪು ಬೇರೆ ಕಂಪನಿಯದು. 2024ರಲ್ಲಿ ಆ ಕುಟುಂಬದ ಉದ್ಯಮವೇ ಪಾಲಾಯಿತು. ಹೆಸರು ಒಂದೇ, ಹಣ ಹೋಗುವ ಜಾಗ ಬೇರೆ. ಇನ್ನು ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸ್ನೈಪರ್ ಬಂದೂಕು ತಯಾರಿಸುತ್ತದೆ. ಅದರ ಮೂಲ ಸಮೂಹದ ಕಸುಬು ವಾಹನಗಳ ಸ್ಪ್ರಿಂಗ್. ನಮ್ಮ ವಾಹನದೊಳಗಿನ ಸ್ಪ್ರಿಂಗ್ ಯಾರದ್ದೆಂದು ನಮಗೆ ತಿಳಿಯುವುದೇ ಇಲ್ಲ; ತಿಳಿಯದ್ದನ್ನು ಬಹಿಷ್ಕರಿಸುವುದು ಹೇಗೆ?

ಎರಡನೆಯದು, ಮಾರಾಟ ಯಾರಿಗೆ ಎಂಬ ಪ್ರಶ್ನೆ. ಅಮೆರಿಕದಲ್ಲಿ ಬಂದೂಕು ಅಂಗಡಿಯ ಸರಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಇಲ್ಲಿನ ರಕ್ಷಣಾ ಕಂಪನಿಗಳ ಮುಖ್ಯ ಗಿರಾಕಿ ಸರ್ಕಾರ. ಆದ್ದರಿಂದ ಅಲ್ಲಿನ ವಾದವನ್ನು ಹಾಗೆಯೇ ಇಲ್ಲಿಗೆ ತರಲಾಗದು. ಹಾಗೆಂದು "ದೇಶರಕ್ಷಣೆಗಾಗಿ" ಎಂದ ಮಾತ್ರಕ್ಕೆ ಚರ್ಚೆ ಮುಗಿಯುವುದೂ ಇಲ್ಲ. 2023-24ರಲ್ಲಿ ಭಾರತದ ರಕ್ಷಣಾ ರಫ್ತು 21,083 ಕೋಟಿ ರೂಪಾಯಿ. ಗಡಿ ದಾಟಿದ ಆಯುಧ ಯಾರ ಮೇಲೆ ತಿರುಗುತ್ತದೆ ಎಂದು ಕೇಳುವ ಹಕ್ಕು ನಾಗರಿಕರಿಗಿದೆ, ನಾಳಿನ ನಾಗರಿಕರಿಗೂ ಇದೆ.

ಮೂರನೆಯದು, ಬಹಿಷ್ಕಾರದಿಂದ ಆಗುವುದೇನು? 2018ರಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ 17 ಮಂದಿ ಗುಂಡಿಗೆ ಬಲಿಯಾದರು. ಬಳಿಕ ಆರ್‌ಇಐ ಎಂಬ ಗ್ರಾಹಕರ ಸಹಕಾರ ಸಂಸ್ಥೆ, ವಿಸ್ಟಾ ಔಟ್‌ಡೋರ್ ಕಂಪನಿಯ ನೀರಿನ ಚೀಲ, ಹೆಲ್ಮೆಟ್ ಮುಂತಾದವುಗಳ ಹೊಸ ಖರೀದಿ ನಿಲ್ಲಿಸಿತು. ಸ್ಯಾವೇಜ್ ಬಂದೂಕುಗಳು ಅದೇ ಕಂಪನಿಯವಾಗಿದ್ದವು. 2019ರಲ್ಲಿ ವಿಸ್ಟಾ ಸ್ಯಾವೇಜನ್ನು ಮಾರಿತು. ಬಂದೂಕು ತಯಾರಿಕೆ ನಿಲ್ಲಲಿಲ್ಲ, ಮಾಲೀಕರು ಬದಲಾದರು. ಮರುವರ್ಷ ವಿಸ್ಟಾ ರೆಮಿಂಗ್ಟನ್ ಮದ್ದುಗುಂಡಿನ ವ್ಯವಹಾರವನ್ನೇ ಕೊಂಡಿತು. ಹಾಗಾದರೆ ಬಹಿಷ್ಕಾರ ವ್ಯರ್ಥವೇ? ಅಲ್ಲ. "ಇದರಲ್ಲಿ ನನ್ನ ಹಣವಿಲ್ಲ" ಎನ್ನುವುದಕ್ಕೂ ಬೆಲೆಯಿದೆ. ಆದರೆ ಕೈ ತೊಳೆದುಕೊಳ್ಳುವುದು ಬೇರೆ, ಬಂದೂಕು ಕಡಿಮೆ ಮಾಡುವುದು ಬೇರೆ. ಎರಡನೆಯದಕ್ಕೆ ಕಾನೂನು ಬೇಕು, ಸ್ಪಷ್ಟ ಬೇಡಿಕೆ ಬೇಕು.

ಮೈಸೂರಿನ ತರಗತಿಗಳಲ್ಲಿ ಇದು ದೂರದ ವಿಷಯವಲ್ಲ. ರಕ್ಷಣಾ ಸಚಿವಾಲಯದ ಅಧೀನದ ಬಿಇಎಂಎಲ್ ಬೆಂಗಳೂರಿನ ಮೆಟ್ರೋ ಬೋಗಿಗಳನ್ನೂ ಸೇನೆಯ ಭಾರಿ ವಾಹನಗಳನ್ನೂ ತಯಾರಿಸುತ್ತದೆ. ಅದರ ಕಾರ್ಖಾನೆ ನಮ್ಮ ಬೆಳವಾಡಿಯಲ್ಲೂ ಇದೆ. ಅಲ್ಲಿ ದುಡಿಯುವವರ ಮಗಳು ನಮ್ಮೆದುರಿನ ಬೆಂಚಿನಲ್ಲೇ ಕುಳಿತಿರಬಹುದು. "ಆಯುಧದ ಹಣ ಪಾಪದ ಹಣ" ಎಂದು ನಾವು ಹೇಳಿದರೆ, ಅವಳು ಊಟದ ಡಬ್ಬಿಯನ್ನು ಯಾವ ಮುಖದಲ್ಲಿ ತೆರೆಯಬೇಕು? ಅಂಕ ಕೊಡುವ ಕೈ ನಮ್ಮದು. ನಮ್ಮ ಅಭಿಪ್ರಾಯ ಮಕ್ಕಳ ಕಿವಿಗೆ ಅಪ್ಪಣೆಯಾಗಿ ಬೀಳುತ್ತದೆ. ಅಂಗಡಿಯಲ್ಲಿ ನಾನು ಏನನ್ನು ಕೊಳ್ಳುವುದಿಲ್ಲ ಎಂಬುದು ನನ್ನ ಆತ್ಮಸಾಕ್ಷಿಗೆ ಬಿಟ್ಟದ್ದು. ಅದನ್ನು ತರಗತಿಯ ಮನೆಗೆಲಸ ಮಾಡುವ ಅಧಿಕಾರ ನನಗಿಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟು. ಪಿಸ್ತೂಲಿನ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಉಳಿಸಿಕೊಳ್ಳಿ. ಕಪ್ಪುಹಲಗೆಯ ಮೇಲೆ ನಾಲ್ಕು ಕಂಬಸಾಲು ಎಳೆಯಿರಿ: ವಸ್ತು, ತಯಾರಿಸುವ ಕಂಪನಿ, ಅದರ ಇತರ ತಯಾರಿಕೆ, ಅವುಗಳ ಗಿರಾಕಿ. ಮಕ್ಕಳೇ ಹುಡುಕಿ ತುಂಬಲಿ. ತೀರ್ಮಾನಕ್ಕೆಂದು ಐದನೆಯ ಕಂಬಸಾಲು ಬೇಡ. ಅದನ್ನು ಪ್ರತಿ ಮಗುವೂ ತನ್ನ ಮನೆಯವರೊಡನೆ ಮಾತಾಡಿ ತುಂಬಿಕೊಳ್ಳಲಿ. ಪಾಠ ವೀಕ್ಷಿಸುವ ಮಾರ್ಗದರ್ಶಕರಲ್ಲೂ ಒಂದು ವಿನಂತಿ: ಈ ಹತ್ತು ನಿಮಿಷವನ್ನು ವೀಕ್ಷಣಾ ಪುಸ್ತಕದಲ್ಲಿ "ವಿಷಯಾಂತರ" ಎಂದು ಬರೆಯಬೇಡಿ.